ದೇವರ ಕೋಣೆಯ ಕೆಂಪು ಪೆನ್ನು

ನಮ್ಮ ಬೀದಿಯಲ್ಲೇ ಅತಿ ಉದ್ದದ ಪೂಜೆ ನಮ್ಮವ್ವನದು. ಬೆಳಗಿನ ಜಾವ ಮಿಂದು, ಒದ್ದೆ ತಲೆಗೆ ಟವೆಲ್ಲು ಸುತ್ತಿಕೊಂಡು ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳೆಂದರೆ ಒಂದೂಕಾಲು ಗಂಟೆ ಆಚೆಗೆ ಬರುತ್ತಿರಲಿಲ್ಲ. ತೆರಕಣಾಂಬಿಯ ಆ ಬೀದಿಯಲ್ಲಿ ಲಿಂಗಪೂಜೆ ಇಲ್ಲದ ಮನೆ ಇರಲಿಲ್ಲ. ಆದರೆ ಬೇರೆ ಹೆಂಗಸರು ಎಡಗೈಯಲ್ಲಿ ಲಿಂಗ ಹಿಡಿದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಕಾಲು ಗಂಟೆಯಲ್ಲಿ ಒಲೆಯ ಮುಂದೆ ಬಂದು ಕೂತಿರುತ್ತಿದ್ದರು. ನಮ್ಮವ್ವ ಮಾತ್ರ ಬರುತ್ತಿರಲಿಲ್ಲ. ಅಪ್ಪನ ತಾಯಿ, ನಮ್ಮಜ್ಜಿ, ಜಗಲಿಯ ಮೇಲೆ ಕಾಲು ಚಾಚಿ ಕೂತು ಎಲೆ ಅಡಿಕೆ ಕುಟ್ಟುತ್ತ ಹೋಗುವವರಿಗೆ ಬರುವವರಿಗೆಲ್ಲ ಈ ಸುದ್ದಿ ಹಂಚುತ್ತಿದ್ದಳು.

"ನಮ್ ಸೊಸೆ ಪೂಜೆಗ್ ಕೂತ್ರೆ ಮನೆಗ್ ಬೆಂಕಿ ಬಿದ್ರೂ ಏಳಕಿಲ್ಲ ಕಣವ್ವ. ಅಂಥಾ ಭಕ್ತಿ!"

ಭಕ್ತಿ ಇತ್ತು, ಇಲ್ಲವೆನ್ನುವುದಿಲ್ಲ. ಅವ್ವನ ಪೂಜೆಯೂ ಕಾಲು ಗಂಟೆಗೇ ಮುಗಿಯುತ್ತಿತ್ತು. ಆಮೇಲಿನ ಒಂದು ಗಂಟೆ ಅವಳು ಲಿಂಗವನ್ನು ಕರಡಿಗೆಗೆ ಸೇರಿಸಿ, ಕಣ್ಣಿಗೊತ್ತಿಕೊಂಡು, ಮೂಲೆಯ ಮರದ ಪೆಟ್ಟಿಗೆಯಿಂದ ಮಕ್ಕಳ ನೋಟ್‌ಬುಕ್ಕಿನ ಕಟ್ಟು ತೆಗೆದು, ಕೆಂಪು ಪೆನ್ನು ಹಿಡಿದು ತಿದ್ದುತ್ತ ಕೂತಿರುತ್ತಿದ್ದಳು. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಅವನು ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ಆ ಶಾಲೆಯ ಹೆಸರು ಇಲ್ಲಿ ಬೇಡ. ಪಾಠ ಮಾಡುವುದರಲ್ಲಿ ಅಪ್ಪನನ್ನು ಮೀರಿಸುವವರಿರಲಿಲ್ಲ, ಹುಡುಗರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರಂತೆ. ಆದರೆ ತಿದ್ದುವುದೆಂದರೆ ಅವನಿಗೆ ಕಷಾಯ ಕುಡಿದ ಹಾಗೆ. ಒಮ್ಮೆ ಜ್ವರ ಬಂದು ಮಲಗಿದ್ದಾಗ ಅವ್ವ ಒಂದು ಕಟ್ಟು ತಿದ್ದಿಕೊಟ್ಟಳು. ಅಪ್ಪ ಎದ್ದು ಕೂತು ಒಂದೊಂದೇ ಪುಸ್ತಕ ತಿರುವಿ ನೋಡಿ, "ನನ್ಗಿಂತ ಚೆನ್ನಾಗ್ ತಿದ್ದಿದ್ದೀಯಲ್ಲೇ!" ಅಂದ. ಆವತ್ತಿನಿಂದ ಕಟ್ಟು ಪೆಟ್ಟಿಗೆಗೇ ಬಂದು ಸೇರುತ್ತಿತ್ತು.

ಅವ್ವ ಉಮ್ಮತ್ತೂರಿನ ಕಡೆಯವಳು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು. ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿದ ತಿಂಗಳಲ್ಲೇ ಮದುವೆಯ ಮಾತೂ ಬಂತು. ಸೊಸೆ ಚೀಲ ನೇತುಹಾಕಿಕೊಂಡು ಹೊಸಿಲು ದಾಟಿ ಕೆಲಸಕ್ಕೆ ಹೋಗಕೂಡದು ಎಂದು ಅಜ್ಜಿ ಒಪ್ಪುವೀಳ್ಯದ ದಿನವೇ ಷರತ್ತು ಹಾಕಿದ್ದಳು. ಗಂಡಸಿನ ನೌಕರಿಗೆ ಹೆಂಗಸು ಕೈ ಹಾಕಿದರೆ ಮನೆ ಏಳಿಗೆಯಾಗುವುದಿಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. ಹಾಗಾಗಿ ಅವ್ವನ ಹೈಸ್ಕೂಲು ಆ ಕಿಟಕಿಯಿಲ್ಲದ ಕೋಣೆಯಲ್ಲಿ, ಗಾಜಿನ ಹೆಂಚಿನ ಕೆಳಗೆ, ಬಾಗಿಲು ಹಾಕಿಕೊಂಡೇ ನಡೆಯಬೇಕಾಯಿತು. ಪೂಜೆಗೆ ಕೂತವರನ್ನು ಅಜ್ಜಿ ಕರೆಯುತ್ತಿರಲಿಲ್ಲ. ಅವಳಿಗೆ ಓದು ಬರಹವೂ ಬರುತ್ತಿರಲಿಲ್ಲ, ಪೆಟ್ಟಿಗೆಯಲ್ಲಿರುವುದೆಲ್ಲ ವಚನದ ಪುಸ್ತಕ ಎಂದುಕೊಂಡಿದ್ದಳು.

ನನಗೆ ಇದು ಗೊತ್ತಾದದ್ದು ಎಂಟು ವರ್ಷದವಳಿದ್ದಾಗ, ಜಡೆ ಹಾಕಿಸಿಕೊಳ್ಳಲು ಬಾಚಣಿಗೆ ಹಿಡಿದು ಬಾಗಿಲು ನೂಕಿಕೊಂಡು ಒಳಗೆ ಹೋದಾಗ. ಅವ್ವ ಬೆಚ್ಚಿಬಿದ್ದಳು. ನಾನೆಂದು ತಿಳಿದು ನಕ್ಕು ಪಕ್ಕದಲ್ಲಿ ಕೂರಿಸಿಕೊಂಡಳು. ಅಲ್ಲಿಂದ ಮುಂದೆ ನಾನೂ ಭಕ್ತೆಯಾದೆ. ಅವ್ವ ಮಕ್ಕಳ ಬರಹಕ್ಕೆ ನಗುತ್ತಿದ್ದಳು, ಬೈಯುತ್ತಿದ್ದಳು, ಕೆಲವು ಸಲ ಸುಮ್ಮನಾಗಿಬಿಡುತ್ತಿದ್ದಳು. "ಈ ಹುಡ್ಗ ಅರ್ಧಕ್ಕೇ ನಿಲ್ಸವ್ನೆ ನೋಡು, ಮನೇಲಿ ಏನ್ ತೊಂದ್ರೆಯೋ ಏನೋ" ಎಂದು ಮರುಗುತ್ತಿದ್ದಳು. ಅವರಲ್ಲಿ ಒಬ್ಬರ ಮುಖವನ್ನೂ ಅವಳು ನೋಡಿರಲಿಲ್ಲ, ಅಕ್ಷರದಿಂದಲೇ ಎಲ್ಲರನ್ನೂ ಬಲ್ಲಳು. ಅಪ್ಪನ ಕೈಬರಹದಂತೆಯೇ ಬರೆಯಲು ಕಲಿತಿದ್ದಳು. ಆ ಒಂದು ಗಂಟೆಯಲ್ಲಿ ಅವಳ ಮುಖ ಒಲೆಯ ಮುಂದಿನ ಮುಖವಾಗಿರುತ್ತಿರಲಿಲ್ಲ. ಇಡೀ ದಿನದಲ್ಲಿ ಅವಳದು ಅಂತ ಇದ್ದದ್ದು ಅದೊಂದೇ ಗಂಟೆ. ಅದನ್ನು ಕಳೆದವಳು ನಾನು. ಆ ಕತೆಯನ್ನೇ ಈಗ ಹೇಳುತ್ತಿರುವುದು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪನನ್ನು ಯಾವುದೋ ತರಬೇತಿಗೆ ಚಾಮರಾಜನಗರಕ್ಕೆ ಕಳಿಸಿದರು. ಮೂರು ದಿನ ಹೋಗಿ ಬಂದವನು ಹೊಸ ಮದುಮಗನ ಹಾಗಿದ್ದ. ಇನ್ನು ಮೇಲೆ ಮಕ್ಕಳಿಂದ ಪ್ರಶ್ನೋತ್ತರ ಬರೆಸಬಾರದಂತೆ, ಕತೆಯನ್ನು ಪತ್ರಿಕೆಯ ವರದಿ ಮಾಡಿ ಬರೆಸಬೇಕಂತೆ. ಪಾಠದಲ್ಲಿ ಒಂದು ಕತೆಯಿತ್ತು. ಅರಮನೆಯಲ್ಲೊಬ್ಬ ಅಡಿಗೆಯವನು, ಅವನ ಕೈರುಚಿಗೆ ದೇಶವೆಲ್ಲ ಹೆಸರುವಾಸಿ. ಅವನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗುತ್ತಾಳೆ, ಮಾರನೆಯ ದಿನದಿಂದ ಅರಮನೆಯ ಸಾರಿಗೆ ಉಪ್ಪಿಲ್ಲ, ಅನ್ನ ಬೆಂದಿಲ್ಲ. ಇಷ್ಟು ದಿನ ಅಡಿಗೆ ಮಾಡುತ್ತಿದ್ದವಳು ಯಾರೆಂದು ರಾಜನಿಗೆ ಆಗ ತಿಳಿಯುತ್ತದೆ. ಅಪ್ಪ ಇದನ್ನು ಒಂಬತ್ತನೇ ಕ್ಲಾಸಿಗೆ ಕೊಟ್ಟ. ಕೊಡುವಾಗ ತರಬೇತಿಯವರು ಹೇಳಿಕೊಟ್ಟ ಹಾಗೇ ಹೇಳಿದ: ಕತೆಯನ್ನು ನಿಮ್ಮ ಊರಿಗೆ ತನ್ನಿ, ಊರ ಹೆಸರಿರಲಿ, ಜನ ನಿಮಗೆ ಗೊತ್ತಿರುವವರಾಗಿರಲಿ, ಸಾಕ್ಷಿಯಿರಲಿ. ಇಂಥ ಕತೆಯನ್ನು ಇಂಥ ಮಾತು ಹೇಳಿ ಕೊಡುವಾಗಲೂ ಅವನಿಗೆ ತನ್ನ ಮನೆ ನೆನಪಾಗಲಿಲ್ಲವಲ್ಲ ಎಂದು ನಾನು ಇವತ್ತಿಗೂ ಬೆರಗಾಗುತ್ತೇನೆ. ಗಂಡಸರ ಕಣ್ಣು ಹಾಗೇ ಇರುತ್ತದೋ ಏನೋ.

ಭಾನುವಾರ ಮಧ್ಯಾಹ್ನ. ಪಡಸಾಲೆಯಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದೆವು, ರಾಗಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಅವ್ವ ಬಡಿಸುತ್ತಿದ್ದಳು. ಅಪ್ಪ ಬೇಗ ಉಂಡು ಕೈ ತೊಳೆದು ವರದಿಗಳ ಹಾಳೆಗಳನ್ನು ತಂದು ನಮ್ಮ ಮುಂದೆ ಕೂತ. ಇವು ತನ್ನ ಹೊಸ ಪ್ರಯೋಗ, ಹಾಗಾಗಿ ಪೆಟ್ಟಿಗೆಗೆ ಹೋಗುವ ಮೊದಲು ಎಲ್ಲರಿಗೂ ಓದಿ ಹೇಳಬೇಕೆಂಬ ಆಸೆ. ಮೊದಲನೆಯದು, 'ಅರಮನೆಯ ಊಟ ಉಂಡು ರಾಜರು ಅಸ್ವಸ್ಥ, ಆಸ್ಪತ್ರೆಗೆ ದಾಖಲು'. ಎರಡನೆಯದು, 'ಅರಮನೆಯ ಅಡಿಗೆಮನೆಗೆ ನುಗ್ಗಿದ ಕಾಡಾನೆ, ಗ್ರಾಮಸ್ಥರ ಆಕ್ರೋಶ'.

"ಕತೇಲಿ ಆನೆನೇ ಇಲ್ವಲ್ರೀ!" ಅಂದಳು ಅವ್ವ.

"ಕಾಡಂಚಿನ್ ಹುಡ್ಗ ಕಣೆ. ಆನೆ ಬರ್ದಿದ್ರೆ ಅವನ್ಗೆ ಸುದ್ದಿನೇ ಅನ್ಸಲ್ಲ."

ಇನ್ನೊಬ್ಬ ರಾಜನನ್ನು ಕೊಂದೇ ಹಾಕಿ, ಕೊನೆಗೆ 'ಮೃತರ ಆತ್ಮಕ್ಕೆ ಶಾಂತಿ ಕೋರುವ ಗೆಳೆಯರ ಬಳಗ' ಎಂದು ಬರೆದಿದ್ದ. ಅಜ್ಜಿ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಹುರುಳಿಕಾಳು ಗಂಟಲಿಗೆ ಸಿಕ್ಕಿ ಕೆಮ್ಮಿದೆ. ನಮ್ಮ ಮನೆಯವರೆಲ್ಲ ಒಟ್ಟಿಗೆ ಅಷ್ಟು ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅಪ್ಪ ಮುಂದಿನ ಹಾಳೆ ಎತ್ತಿಕೊಂಡ. "ಇದು ಮಂಜುಳಂದು, ನಮ್ಮೂರ್ ಆಚೆ ತುದಿ ಹುಡ್ಗಿ. ಚೆನ್ನಾಗ್ ಬರೀತಾಳೆ" ಎಂದು ಗಂಟಲು ಸರಿಮಾಡಿಕೊಂಡು, "ತೆರಕಣಾಂಬಿ: ಅರಮನೆಯ ಅಡಿಗೆಯವನ ಪ್ರಕರಣವನ್ನೇ ಹೋಲುವ ಘಟನೆಯೊಂದು ನಮ್ಮ ಊರಿನಲ್ಲೂ ತಡವಾಗಿ ಬೆಳಕಿಗೆ ಬಂದಿದೆ. ಇಲ್ಲಿ ವಾಸವಾಗಿರುವ ಕನ್ನಡ ಮೇಷ್ಟ್ರೊಬ್ಬರು..." ಎಂದವನು ನಿಲ್ಲಿಸಿಬಿಟ್ಟ. ಕಣ್ಣು ಮಾತ್ರ ಹಾಳೆಯ ಮೇಲೆ ಕೆಳಗಿಳಿಯುತ್ತಿತ್ತು.

"ಯಾಕ್ಲಾ ನಿಲ್ಸ್‌ಬುಟ್ಟೆ? ನಮ್ಮೂರ್ ಸುದ್ದಿ ಕಣ್ಲಾ, ಓದು" ಅಂದಳು ಅಜ್ಜಿ.

"ಚೆನ್ನಾಗಿಲ್ಲ ಕಣವ್ವ. ಅಕ್ಷರನೇ ತಿಳೀತಿಲ್ಲ."

"ನಿನ್ಗ್ ತಿಳೀದಿದ್ರೆ ನನ್ ಮೊಮ್ಮಗ್ಳು ಓದ್ತಾಳೆ ಕೊಡು. ಓದ್ ಕಣಮ್ಮಿ."

ಅಪ್ಪ ಹಾಳೆ ಮಡಿಸುವುದರೊಳಗೆ ನಾನು ಎಂಜಲು ಕೈ ಹಿಂದಕ್ಕಿಟ್ಟುಕೊಂಡು ಎಡಗೈಯಲ್ಲಿ ಕಿತ್ತುಕೊಂಡೆ. ಓದಿನಲ್ಲಿ ನಾನು ಗಟ್ಟಿಗಿತ್ತಿ. ತಡವರಿಸದೆ, ರೇಡಿಯೋದವರ ಹಾಗೆ ಓದುತ್ತೇನೆಂಬ ಜಂಬ ಬೇರೆ. ಆ ಜಂಬದಲ್ಲಿ ಬಾಯಿ ಮುಂದೆ ಮುಂದೆ ಓಡುತ್ತದೆ, ಬುದ್ಧಿ ಹಿಂದೆ ಉಳಿಯುತ್ತದೆ. ಅಕ್ಷರವೋ ಮುತ್ತು ಪೋಣಿಸಿದ ಹಾಗಿತ್ತು. ನಾನು ಗಟ್ಟಿಯಾಗಿ ಓದಿದೆ:

"ಇಲ್ಲಿ ವಾಸವಾಗಿರುವ ಕನ್ನಡ ಮೇಷ್ಟ್ರೊಬ್ಬರು ತಮ್ಮ ಶಿಷ್ಯರ ಪುಸ್ತಕಗಳನ್ನು ತಾವು ತಿದ್ದುತ್ತಿಲ್ಲ. ಅವರ ಧರ್ಮಪತ್ನಿಯವರು ದೇವರ ಕೋಣೆಯಲ್ಲಿ ಕುಳಿತು ತಿದ್ದುತ್ತಿದ್ದಾರೆಂದು ತಿಳಿದುಬಂದಿದೆ. ಹಾಳೆಗಳ ಮೇಲೆ ವಿಭೂತಿಯ ಸಣ್ಣ ಬೆರಳಿನ ಗುರುತು ಇರುವುದೇ ಇದಕ್ಕೆ ಸಾಕ್ಷಿ. ಕಳೆದ ಶ್ರಾವಣದಲ್ಲಿ ಧರ್ಮಪತ್ನಿಯವರು ತವರಿಗೆ ಹೋಗಿದ್ದ ಹತ್ತು ದಿನ ಒಂದು ಪುಸ್ತಕವೂ ತಿದ್ದಿ ಬರಲಿಲ್ಲವೆಂದು ವಿದ್ಯಾರ್ಥಿಗಳು ಹೇಳಿದ್ದಾರೆ. ಈ ವಿಷಯವನ್ನು ಮೇಷ್ಟ್ರ ಮಗಳೇ ಬಸ್ ನಿಲ್ದಾಣದಲ್ಲಿ ಖಚಿತಪಡಿಸಿದ್ದಾಳೆ."

ಖಚಿತಪಡಿಸಿದ್ದಾಳೆ ಎಂಬ ಪದವನ್ನು ಸ್ಪಷ್ಟವಾಗಿ ಉಚ್ಚರಿಸಿ, ಶಹಬ್ಬಾಸ್ ಎನ್ನುತ್ತಾರೇನೋ ಎಂದು ತಲೆಯೆತ್ತಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗ ನನಗೆ ಹೊಳೆಯಿತು. ಮೇಷ್ಟ್ರ ಮಗಳು ಎಂದರೆ ನಾನೇ! ಹದಿನೈದು ದಿನದ ಕೆಳಗೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಮಂಜುಳ ತನ್ನ ಪ್ರಬಂಧ ತೋರಿಸಿ, "ಮೇಷ್ಟ್ರು ಏನ್ ಬರ್ದವ್ರೆ ನೋಡು, 'ಇವಳು ಮುಂದೆ ಬರುತ್ತಾಳೆ' ಅಂತ" ಎಂದು ಬೀಗಿದ್ದಳು. ನನಗೆ ಹೊಟ್ಟೆ ಉರಿಯಿತೋ, ಅವ್ವನ ಮೇಲೆ ಹೆಮ್ಮೆ ಉಕ್ಕಿತೋ, "ಅದ್ನ ಬರ್ದಿರೋದು ಅಪ್ಪ ಅಲ್ಲ ಕಣಕ್ಕ, ನಮ್ಮವ್ವ" ಅಂದುಬಿಟ್ಟಿದ್ದೆ. ಅಂದು, ಬಸ್ಸು ಹತ್ತಿ, ಮರೆತೂ ಬಿಟ್ಟಿದ್ದೆ. ಈಗ ಅದು ಊರ ಹೆಸರು, ಸಾಕ್ಷಿ ಸಮೇತ ನನ್ನ ಬಾಯಿಂದಲೇ ನಮ್ಮ ಪಡಸಾಲೆಯಲ್ಲಿ ಹೊರಬಿದ್ದಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ನನಗೆ ನಿಜಕ್ಕೂ ಹಾಗನ್ನಿಸಿತು.

ಅಜ್ಜಿ ಅವ್ವನ ಕಡೆ ತಿರುಗಿದಳು.

"ದೇವ್ರ ಕ್ವಾಣೇಲಿ ಕುಂತ್ಕಂಡು ನೀನ್ ಮಾಡ್ತಿದ್ದುದ್ದು ಇದಾ?"

ಅವ್ವನ ಕೈಯಲ್ಲಿ ಸಾರಿನ ಸೌಟು ಹಾಗೇ ಇತ್ತು. "ಪೂಜೆನೂ ಮಾಡ್ತಿದ್ದೆ ಅತ್ತೆ. ಆಮೇಲೆ ಇದನ್ನೂ ಮಾಡ್ತಿದ್ದೆ."

"ಊರ್ಗೆಲ್ಲ ಸಾರ್ಕೊಂಡ್ ಬಂದ್ನಲ್ಲೇ ನಾನು, ನನ್ ಸೊಸೆ ಭಕ್ತಿ ಭಕ್ತಿ ಅಂತ! ನನ್ ಮುಖಕ್ಕೆ ಮಸಿ ಬಳ್ದ್‌ಬುಟ್ಯಲ್ಲೇ!"

ಹಾಗಂದು ಅಜ್ಜಿ ಎದ್ದಳು. ಗಂಗಳದಲ್ಲಿ ಅರ್ಧ ಮುದ್ದೆ ಉಳಿದಿತ್ತು. ನಮ್ಮ ಮನೆಯಲ್ಲಿ ಊಟವೆಂದರೆ ಪ್ರಸಾದ, ಒಂದಗುಳು ಬಿಡುವಂತಿಲ್ಲ. ಅಜ್ಜಿಯಂತೂ ಕೊನೆಗೆ ಗಂಗಳಕ್ಕೆ ನೀರು ಬಿಟ್ಟು ತೊಳೆದು ಆ ನೀರನ್ನೂ ಕುಡಿಯುವವಳು. ಆ ಅಜ್ಜಿ ಪ್ರಸಾದ ಬಿಟ್ಟು ಎದ್ದಿದ್ದಳು. ಅಪ್ಪ "ಅವ್ವಾ, ಅವ್ವಾ" ಎನ್ನುತ್ತ ಹಿಂದೆ ಹೋದ. ಅವಳು ತಿರುಗಿ ನೋಡಲಿಲ್ಲ. ಅಪ್ಪ ಬಂದು ಗೋಡೆಗೊರಗಿ ಕೂತ. ಸ್ವಲ್ಪ ಹೊತ್ತಿಗೆ ಅವನ ಗಾಬರಿಯೆಲ್ಲ ಸಿಟ್ಟಾಗಿ ತಿರುಗಿತು.

"ಈ ಹುಡ್ಗೀಗೆ ಸೊನ್ನೆ! ಕತೆ ಕೊಟ್ರೆ ಕತೆ ಬರೀಬೇಕು. ನಮ್ಮನೆ ಒಲೆ ಇಣುಕಿ ನೋಡು ಅಂತ ಯಾರ್ ಹೇಳಿದ್ರು ಇವಳ್ಗೆ? ಹೆಡ್‌ಮಾಷ್ಟ್ರ ಕೈಗೆ ಸಿಕ್ಕಿದ್ರೆ ನನ್ ಗತಿಯೇನು?"

"ನಿಮ್ಮೂರಿಗೆ ತನ್ನಿ ಅಂತ ನೀವೇ ಹೇಳಿದ್ದು. ತಂದವ್ಳೆ" ಅಂದಳು ಅವ್ವ.

ಅವ್ವ ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಕೈಯಿಂದ ಹಾಳೆ ತೆಗೆದುಕೊಂಡಳು. ನಿಂತೇ ಒಂದು ಸಲ ಓದಿದಳು, ಕೂತು ಇನ್ನೊಂದು ಸಲ ಓದಿದಳು. ಎರಡನೆಯ ಸಲ ಓದುವಾಗ ಅವಳ ಮುಖ ದೇವರ ಕೋಣೆಯ ಮುಖವಾಗಿತ್ತು. ನಾನು ನಂಬಲಾರದೆ ನೋಡುತ್ತಲೇ ಇದ್ದೆ. ಮನೆ ಹೊತ್ತಿ ಉರಿಯುತ್ತಿರುವಾಗ ಇವಳು ಒಳಗೆ ಹೋಗಿ ಕೆಂಪು ಪೆನ್ನು ತಂದಳು. ಬಾಗಿಲು ಹಾಕದೆ, ಪಡಸಾಲೆಯ ನಡುವೆ, ಹಗಲು ಹೊತ್ತಿನಲ್ಲಿ ಅವಳು ತಿದ್ದಿದ್ದು ಅದೇ ಮೊದಲು.

"ಇಷ್ಟರಲ್ಲಿ ವರದಿ ಅಂತ ಇರೋದು ಇದೊಂದೇ ಕಣ್ರೀ. ಮಿಕ್ಕವು ತಮಾಷೆ. ನೀವೇ ಪಟ್ಟಿ ಮಾಡಿದ್ರಲ್ಲ, ತಲೆಬರಹಕ್ಕೆ ಎರಡು, ಊರು ಜನಕ್ಕೆ ಎರಡು, ವಿಷಯಕ್ಕೆ ನಾಕು, ಭಾಷೆಗೆ ಎರಡು. ಎಲ್ಲಿ ಕಳೀಲಿ ಹೇಳಿ?"

ಪಟ್ಟಿ ಅಪ್ಪನದೇ. ಅವ್ವನೇ ಯೋಚಿಸಿ ವಿಷಯದಲ್ಲಿ ಒಂದು ಅಂಕ ಕಳೆದಳು. ಅಂಚಿನಲ್ಲಿ ಅಪ್ಪನ ಕೈಬರಹದಲ್ಲಿ ಬರೆದಳು: 'ಮೇಷ್ಟ್ರ ಹೆಂಡತಿಯನ್ನು ಕೇಳಿಲ್ಲ. ಆಪಾದನೆ ಹೊತ್ತವರ ಮಾತೂ ವರದಿಯಲ್ಲಿರಬೇಕು.' ಕೆಳಗೆ, ಹತ್ತಕ್ಕೆ ಒಂಬತ್ತು. ಅಪ್ಪ ಆ ಹಾಳೆಯನ್ನು ಹಾವು ಹಿಡಿದವನಂತೆ ಹಿಡಿದು ಚೀಲಕ್ಕೆ ಹಾಕಿದ. ಆದರೂ ಮಾರನೆಯ ದಿನ ರಿಜಿಸ್ಟರಿಗೆ ಒಂಬತ್ತನ್ನೇ ಬರೆದ. ಅವ್ವ ಕೊಟ್ಟ ಅಂಕವನ್ನು ಅವನು ಯಾವತ್ತೂ ಬದಲಾಯಿಸಿದವನಲ್ಲ, ಅಷ್ಟರ ಮಟ್ಟಿಗೆ ನ್ಯಾಯವಂತ.

ಈಗ ನಾನೂ ಚಾಮರಾಜನಗರದಲ್ಲಿ ಕನ್ನಡ ಮೇಡಂ, ತಲೆಗೂದಲಿಗೆ ಬಣ್ಣ ಹಚ್ಚುವುದನ್ನೂ ಬಿಟ್ಟು ಎಷ್ಟೋ ವರ್ಷವಾಯಿತು. ಪ್ರತಿವರ್ಷ ಇದೇ ಅಭ್ಯಾಸ ಕೊಡುತ್ತೇನೆ. ಮಕ್ಕಳು ಮೊಬೈಲಿನಲ್ಲಿ ನೋಡಿದ ಹಾಗೆ 'ಬ್ರೇಕಿಂಗ್ ನ್ಯೂಸ್, ಬೆಚ್ಚಿಬಿದ್ದ ಅರಮನೆ' ಎಂದೆಲ್ಲ ಬರೆದು ತರುತ್ತಾರೆ. ಕಟ್ಟು ಬಿಚ್ಚುವಾಗ ನನಗೆ ಇವತ್ತಿಗೂ ಒಂದೇ ಅಳುಕು. ಯಾವ ಮಗು ಯಾರ ಮನೆಯ ಬಾಗಿಲು ತೆರೆದಿದೆಯೋ ಎಂದು.

ಆ ಭಾನುವಾರದಿಂದ ನಮ್ಮ ಮನೆಗೆ ಪುಸ್ತಕದ ಕಟ್ಟು ಬರುವುದು ನಿಂತುಹೋಯಿತು. ಅಪ್ಪ ಶಾಲೆಯಲ್ಲೇ ಕೂತು ತಿದ್ದತೊಡಗಿದ. ತಿದ್ದುವುದೇನು ಬಂತು, ಒಂದು ಅಡ್ಡಗೆರೆ, 'ನೋಡಿದೆ', ಸಹಿ. ಅಜ್ಜಿ ಪೆಟ್ಟಿಗೆ ಖಾಲಿ ಮಾಡಿಸಿ ಅದಕ್ಕೆ ಹುಣಸೆಹಣ್ಣು ತುಂಬಿಸಿದಳು. ಅವ್ವ ಕಾಲು ಗಂಟೆಗೆ ಪೂಜೆ ಮುಗಿಸಿ ಆಚೆಗೆ ಬಂದು, ಮಾಡಲು ಕೆಲಸವಿಲ್ಲದೆ, ಬೆಳಗಿದ ದೀಪಗಳನ್ನೇ ಇನ್ನೊಂದು ಸಲ ಬೆಳಗುತ್ತಿದ್ದಳು. ಬೀದಿಯವರು ಸುಮ್ಮನಿರುತ್ತಾರೆಯೇ? "ಯಾಕವ್ವಾ, ನಿಮ್ ಸೊಸೆ ಪೂಜೆ ಇತ್ತೀಚ್ಗೆ ಬಿರ್ನೆ ಮುಗೀತದೆ?" ಎಂದು ಕೇಳಿದರೆ ಅಜ್ಜಿ ಅಡಿಕೆ ಕುಟ್ಟುತ್ತ, "ಮಂಡಿ ನೋವು ಕಣವ್ವ ಅವಳ್ಗೆ" ಅನ್ನುತ್ತಿದ್ದಳು. ನನ್ನನ್ನು ಯಾರೂ ಬೈಯಲಿಲ್ಲ. ಅವ್ವ ಆ ವಿಷಯ ಎತ್ತಲೇ ಇಲ್ಲ. ನಾಲ್ಕು ಏಟು ಹೊಡೆದಿದ್ದರೂ ಹಗುರಾಗುತ್ತಿದ್ದೆ. ಅವಳ ಆ ಖಾಲಿ ಗಂಟೆಯನ್ನು ನೋಡಲಾರದೆ ನಾನು ಬೆಳಗಾಗುತ್ತಲೇ ಹಿತ್ತಿಲಿಗೆ ಹೋಗಿ ಕೂರುತ್ತಿದ್ದೆ.

ಮೂರನೆಯ ಭಾನುವಾರ ಮಂಜುಳ ನಮ್ಮ ಮನೆಗೇ ಬಂದಳು. ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು, ಕೈಯಲ್ಲಿ ಅದೇ ಹಾಳೆ, ಒಂದು ನೀಲಿ ಪೆನ್ನು. ಜಗಲಿಯ ಮೇಲೆ ಅಜ್ಜಿ ಇದ್ದಳು. ಒಳಗೆ ಅಪ್ಪ ಪೇಪರು ಹಿಡಿದು ಮಲಗಿದ್ದ. ಇವಳಿಗೆ ಇನ್ನೂ ಏನು ಬಾಕಿ ಉಳಿದಿದೆ ಎಂದು ಕಂಬಕ್ಕೆ ಆತುಕೊಂಡು ನಿಂತೆ. ಅವ್ವ ಮೊರ ಹಿಡಿದು ಬಾಗಿಲಿಗೆ ಬಂದಳು. ಹೆಸರು ಕೇಳಿದ ಮೇಲೆ ಆ ಮುಖವನ್ನು ತುಂಬ ಹೊತ್ತು ನೋಡಿದಳು. ಅಕ್ಷರದಿಂದ ಮಾತ್ರ ಗೊತ್ತಿದ್ದ ಹುಡುಗಿ.

"ಅಮ್ಮಾವ್ರೇ, ಒಂದ್ ಅಂಕ ಕಳ್ದವ್ರೆ. ನಿಮ್ ಮಾತ್ ಕೇಳ್ಬೇಕಿತ್ತಂತೆ. ಕೇಳಕ್ ಬಂದೆ."

"ಕೇಳು" ಅಂದಳು ಅವ್ವ.

"ನಮ್ ಪುಸ್ತಕನೆಲ್ಲ ತಿದ್ದೋರು ನೀವೇನಾ?"

ಜಗಲಿಯ ಮೇಲೆ ಅಡಿಕೆ ಕುಟ್ಟುವ ಸದ್ದು ನಿಂತಿತು. ಒಳಗೆ ಪೇಪರಿನ ಸದ್ದೂ ನಿಂತಿತು. ಹೇಳಿಬಿಡು ಅವ್ವ, ಹೂಂ ಅಂದುಬಿಡು ಎಂದು ನನ್ನ ಒಳಗೆಲ್ಲ ಕೂಗುತ್ತಿತ್ತು. ಹೂಂ ಅಂದರೆ ಅಪ್ಪನ ಗತಿಯೇನೆಂದು ನನಗೆ ಹೊಳೆಯಲೇ ಇಲ್ಲ. ಅವ್ವನಿಗೆ ಹೊಳೆದಿತ್ತು.

"ಅಲ್ಲ ಕಣವ್ವ. ಮೇಷ್ಟ್ರೇ ತಿದ್ದೋದು. ನಂಗೆಲ್ಲಿ ಬಿಡುವು?"

"ಮತ್ತೆ ವಿಭೂತಿ?"

"ಮೇಷ್ಟ್ರೂ ಹಚ್ಕೋತಾರಲ್ಲ."

"ಮತ್ತೆ ಬಸ್‌ಸ್ಟ್ಯಾಂಡಲ್ಲಿ ನಿಮ್ ಮಗ್ಳು ಹೇಳಿದ್ದು?"

ಅವ್ವ ನನ್ನನ್ನು ನೋಡಿದಳು. "ಅದಾ? ಅದು ಕತೆ ಕಟ್ತದೆ ಬುಡು."

ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು ನನಗೆ. ನಮ್ಮವ್ವ ಸುಳ್ಳು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹೇಳಿದ ಮೊದಲ ಸುಳ್ಳಿನಲ್ಲೇ ನನ್ನನ್ನು ಸುಳ್ಳಿ ಮಾಡಿದ್ದಳು, ಅದೂ ಬೀದಿಗೆ ತೆರೆದ ಬಾಗಿಲಲ್ಲಿ. ಮಂಜುಳ ಹೊಸಿಲ ಮೇಲೆ ಕೂತು, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೊನೆಗೆ ಒಂದು ಸಾಲು ಸೇರಿಸಿ ಎತ್ತಿ ತೋರಿಸಿದಳು: 'ಮೇಷ್ಟ್ರ ಧರ್ಮಪತ್ನಿಯವರು ಇದನ್ನು ಸಂಪೂರ್ಣವಾಗಿ ಅಲ್ಲಗಳೆದಿದ್ದಾರೆ. ಮಗಳು ಹೇಳಿದ್ದು ಕಟ್ಟುಕತೆ ಎಂದು ಅವರು ಸ್ಪಷ್ಟಪಡಿಸಿದ್ದಾರೆ.' ಅವ್ವ ಮೊರ ಕೆಳಗಿಟ್ಟು ಓದಿದಳು. "ಪೆನ್ ಕೊಡವ್ವ ಇಲ್ಲಿ" ಅಂದಳು. ಒಂಬತ್ತನ್ನು ಒಂದೇ ಗೆರೆಯಲ್ಲಿ ಹೊಡೆದು, ಪಕ್ಕದಲ್ಲಿ ಹತ್ತು ಎಂದು ಬರೆದಳು. ಮಂಜುಳಳ ಎಲ್ಲ ಪುಸ್ತಕಗಳಲ್ಲೂ ಇದ್ದ ಅದೇ ದುಂಡನೆಯ ಅಕ್ಷರ. ಹುಡುಗಿ ಆ ಹತ್ತನ್ನೇ ನೋಡಿದಳು, ಅವ್ವನ ಮುಖ ನೋಡಿದಳು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎದೆಗವಚಿಕೊಂಡಳು. "ಬತ್ತೀನಿ ಅಮ್ಮಾವ್ರೇ" ಎಂದು ಮೆಲ್ಲಗೆ ಹೇಳಿ ಹೊರಟುಹೋದಳು. ಜಗಲಿಯ ಮೇಲೆ ಅಡಿಕೆ ಕುಟ್ಟುವ ಸದ್ದು ಮತ್ತೆ ಶುರುವಾಯಿತು.

ನಾನು ಅವ್ವನ ಹಿಂದೆ ಅಡಿಗೆಮನೆಗೆ ಓಡಿದೆ.

"ನಾನ್ ಸುಳ್ ಹೇಳಿರ್ಲಿಲ್ಲ ಅವ್ವ! ಕತೆ ಕಟ್ಟಿರ್ಲಿಲ್ಲ!"

ಅವ್ವ ಒಲೆಯ ಕಡೆ ತಿರುಗಿದ್ದವಳು ತಿರುಗಿಯೇ ಇದ್ದಳು.

"ಗೊತ್ತು ಕಣಮ್ಮಿ. ಅದ್ಕೇ ಅವಳ ಎದುರ್ಗೇ ಹತ್ತು ಬರ್ದ್ ಕೊಟ್ಟಿದ್ದು."